ಡ್ಯೂಟಿ ಮುಗಿಸಿ ಬಂದ ಮೇಲೆ ಕರಿಯನೊಬ್ಬನಿದ್ದರೆ ಸಾಕು ಅನ್ನಿಸುತ್ತದೆ

ಪ್ರಶ್ನೆ

ಡಾಕ್ಟ್ರೇ, ನನಗೆ 41 ವರ್ಷ. ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನರ್ಸ್. ಮೂರು ವರ್ಷದಿಂದ ಪ್ಯಾಲಿಯೇಟಿವ್ ವಾರ್ಡಿನಲ್ಲಿದ್ದೇನೆ. ಇನ್ನು ಗುಣವಾಗುವುದಿಲ್ಲ ಎಂದಾದ ಕ್ಯಾನ್ಸರ್ ರೋಗಿಗಳೇ ಹೆಚ್ಚು. ಮನೆ ತೀರ್ಥಹಳ್ಳಿ ರಸ್ತೆಯ ಒಂದು ಹಳ್ಳಿಯಲ್ಲಿ. ಯಜಮಾನರು ಅಡಿಕೆ ತೋಟ ನೋಡಿಕೊಳ್ಳುತ್ತಾರೆ, ಮಗ ಪಿಯುಸಿ ಓದುತ್ತಿದ್ದಾನೆ, ಅತ್ತೆ ಜೊತೆಗಿದ್ದಾರೆ.

ಡ್ಯೂಟಿಯಿಂದ ಬಂದರೆ ನನಗೆ ಯಾರ ಹತ್ತಿರವೂ ಮಾತು ಬೇಡ. ಸ್ಕೂಟರ್ ನಿಲ್ಲಿಸಿ ನೇರ ಹಿತ್ತಿಲಿಗೆ ಹೋಗಿ ಬಚ್ಚಲುಮನೆಯ ಮೆಟ್ಟಿಲ ಮೇಲೆ ಕೂರುತ್ತೇನೆ. ನಮ್ಮ ನಾಯಿ ಕರಿಯ ಬಂದು ನನ್ನ ಪಾದದ ಮೇಲೆ ಗಲ್ಲ ಇಟ್ಟು ಮಲಗುತ್ತಾನೆ. ಅರ್ಧ ಗಂಟೆ, ಕೆಲವು ದಿನ ಮುಕ್ಕಾಲು ಗಂಟೆ ಹಾಗೇ. ಒಮ್ಮೊಮ್ಮೆ ಅಳುತ್ತೇನೆ. ಆಮೇಲೆ ಏನೋ ಹಗುರ. ಅತ್ತೆ, 'ಮನುಷ್ಯರ ಹತ್ರ ಒಂದು ಮಾತಿಲ್ಲ, ನಿಂಗೆ ನಾಯಿನೇ ಹೆಚ್ಚಾಯ್ತಲ್ಲೆ ಮಾರಾಯ್ತಿ' ಅನ್ನುತ್ತಾರೆ. ನಾನು ತಡವಾದರೆ ಅವನಿಗೆ ಅನ್ನ ಕಲಸಿ ಹಾಕುವವರೂ ಅವರೇ, ಆದರೂ ಹೀಗನ್ನುತ್ತಾರೆ.

ಕಳೆದ ತಿಂಗಳು ನನ್ನ ಮಗನ ವಯಸ್ಸಿನ ಹುಡುಗ ವಾರ್ಡಿನಲ್ಲಿ ತೀರಿಕೊಂಡ. ಅಲ್ಲಿ ಒಂದು ಹನಿ ಕಣ್ಣೀರು ಬರಲಿಲ್ಲ. ಮನೆಗೆ ಬಂದಾಗ ಕರಿಯ ಕುಂಟುತ್ತಾ ಎದುರಿಗೆ ಬಂದದ್ದು ನೋಡಿ ತಡೆಯಲಾಗಲಿಲ್ಲ. ಮನುಷ್ಯ ಸತ್ತಾಗ ಅಳದವಳು ನಾಯಿ ಕುಂಟಿದ್ದಕ್ಕೆ ಅತ್ತೆನಲ್ಲ, ನನ್ನ ಮನಸ್ಸು ಕಲ್ಲಾಗಿದೆಯೇ?

ಕರಿಯನಿಗೆ ಹನ್ನೊಂದು ವರ್ಷ, ಊರನಾಯಿ ಜಾತಿ. ಈ ಮಳೆಗಾಲದಿಂದ ಹಿಂಗಾಲು ಹಿಡಿದುಕೊಂಡಿದೆ. ನಾನೇ ಎರಡು ಮೂರು ಸಲ ಅರ್ಧ ಐಬುಪ್ರೊಫೆನ್ ಮಾತ್ರೆ ಬೆಲ್ಲದಲ್ಲಿಟ್ಟು ಕೊಟ್ಟೆ. ಪಕ್ಕದ ಮನೆಯವರು, ಆಸ್ಪತ್ರೆಯ ಸಾವಿನ ಸೋಂಕು ನಾಯಿಗೆ ತಾಗಿದೆ, ಮನೆಯವರಿಗೆ ಬರುವುದನ್ನು ಅದು ತಗೊಂಡಿದೆ ಅನ್ನುತ್ತಾರೆ. ನಾಯಿಯನ್ನು ಹೀಗೆ ಹತ್ತಿರ ಬಿಟ್ಟುಕೊಂಡರೆ ಮಂಗನ ಕಾಯಿಲೆ ಬರುತ್ತದೆ ಅಂತಲೂ ಹೆದರಿಸುತ್ತಾರೆ. ಯಜಮಾನರು ಒಂದು ಲ್ಯಾಬ್ರಡಾರ್ ಮರಿ ತರೋಣ ಅನ್ನುತ್ತಿದ್ದಾರೆ. ನಾನು ಮಾಡುತ್ತಿರುವುದು ತಪ್ಪೇ? ಇದು ಕಾಯಿಲೆಯೇ? ಕರಿಯ ಹೋದರೆ ನಾನು ಏನಾಗುತ್ತೇನೋ.

(ಹೆಸರು ಬೇಡ)

ಉತ್ತರ

ಮೊದಲು ಮಾತ್ರೆಯ ವಿಷಯ. ಉಳಿದದ್ದಕ್ಕೆ ಸಮಯವಿದೆ, ಇದಕ್ಕಿಲ್ಲ. ಐಬುಪ್ರೊಫೆನ್ ಇವತ್ತೇ ನಿಲ್ಲಿಸಿ. ನಮಗೆ ಒಗ್ಗುವ ಈ ಔಷಧ ನಾಯಿಗೆ ಒಗ್ಗುವುದಿಲ್ಲ. ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಅದರ ಬದಲು ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್ ಕೊಡೋಣ ಅಂತಲೂ ಹೊರಡಬೇಡಿ. ಕರಿಯ ವಾಂತಿ ಮಾಡಿದ್ದರೆ, ಊಟ ಬಿಟ್ಟಿದ್ದರೆ, ಮಲ ಡಾಂಬರಿನ ಹಾಗೆ ಕಪ್ಪಗಿದ್ದರೆ, ನೀರು ಕುಡಿಯುವುದು ವಿಪರೀತವಾಗಿದ್ದರೆ ನಾಳೆ ಎನ್ನಬೇಡಿ. ಈ ಲಕ್ಷಣಗಳ ಅರ್ಥ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಮನೋವೈದ್ಯೆ. ನಾಯಿಯ ಆರೋಗ್ಯದ ಬಗ್ಗೆ ಇಲ್ಲಿ ಬರೆದದ್ದನ್ನೆಲ್ಲ ಪಶುವೈದ್ಯರಾದ ನನ್ನ ಸ್ನೇಹಿತರೊಬ್ಬರನ್ನು ಕೇಳಿ ಖಚಿತ ಮಾಡಿಕೊಂಡೇ ಬರೆದಿದ್ದೇನೆ.

ಬೆಲ್ಲದಲ್ಲಿಟ್ಟು ಮಾತ್ರೆ ಕೊಟ್ಟ ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ನಿಮ್ಮ ಕಾಗದದ ಒಳಗಿನ ಸಂಕಟ ಅಲ್ಲೇ ಇದೆ ಅನ್ನಿಸಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮನಸ್ಸು ಕಲ್ಲಾಗಿದೆಯೇ ಎಂದು ಕೇಳಿದ್ದೀರಿ. ಆಗಿಲ್ಲ. ಆ ಹುಡುಗ ಕೊನೆಯುಸಿರೆಳೆದಾಗ ನೀವು ಏನೇನು ಮಾಡಿರಬಹುದು ಎಂದು ಊಹಿಸಬಲ್ಲೆ. ಡ್ಯೂಟಿ ಡಾಕ್ಟರನ್ನು ಕರೆದಿರುತ್ತೀರಿ. ತಾಯಿ ಕುಸಿಯದಂತೆ ಹಿಡಿದುಕೊಂಡಿರುತ್ತೀರಿ. ಡ್ರಿಪ್ ಬಿಚ್ಚಿ, ಕಣ್ಣು ಮುಚ್ಚಿಸಿ, ಮೈ ಒರೆಸಿ, ಬಟ್ಟೆ ಸರಿಮಾಡಿ, ಫೈಲು ಬರೆದು, ಅಷ್ಟರಲ್ಲಿ ಪಕ್ಕದ ಹಾಸಿಗೆಯವರು ನೀರು ಕೇಳಿದರೆ ಅದನ್ನೂ ಕೊಟ್ಟಿರುತ್ತೀರಿ. ಅಳುವುದಕ್ಕೆ ಅಲ್ಲಿ ಸಂದು ಎಲ್ಲಿತ್ತು? ದುಃಖ ಆಗದೆ ಹೋಗಿದ್ದಲ್ಲ, ನಿಮ್ಮ ಮೈ ಅದನ್ನು ಆಮೇಲೆ ನೋಡೋಣ ಎಂದು ಎತ್ತಿಟ್ಟಿತು. ಮಳೆಗಾಲದಲ್ಲಿ ಗದ್ದೆಯ ಬದು ಎಲ್ಲಿ ಒಡೆಯುತ್ತದೆ ಎಂದು ನಿಮ್ಮ ಯಜಮಾನರನ್ನು ಕೇಳಿ ನೋಡಿ. ನೀರು ರಭಸವಾಗಿ ಬಿದ್ದಲ್ಲಿ ಗಟ್ಟಿಯಾಗಿಯೇ ನಿಂತಿರುತ್ತದೆ, ದೂರದಲ್ಲಿ ಎಲ್ಲೋ ಮಣ್ಣು ಮೆತ್ತಗಿದ್ದ ಕಡೆ ಒಡೆದುಕೊಂಡು ಹೋಗುತ್ತದೆ. ಕರಿಯ ಕುಂಟುತ್ತಾ ಬಂದದ್ದು ಆ ಮೆತ್ತಗಿನ ಜಾಗ. ನೀವು ಅವತ್ತು ಅತ್ತದ್ದು ಇಬ್ಬರಿಗೂ ಸೇರಿ.

ದಿನವಿಡೀ ನೀವು ಮಾಡುವ ಕೆಲಸದಲ್ಲಿ ಇಂಜೆಕ್ಷನ್ನು, ಡ್ರೆಸ್ಸಿಂಗು ಕಣ್ಣಿಗೆ ಕಾಣುವ ಭಾಗ. ಕಾಣದ ಭಾಗವೊಂದಿದೆ: ಮುಖ ಕಾಯ್ದುಕೊಳ್ಳುವುದು. ಮಾರ್ಫಿನ್ ಸಾಲದೆ ನರಳುವವರ ಎದುರು ಸಮಾಧಾನದ ಮುಖ, 'ಇನ್ನೆಷ್ಟು ದಿನ ಸಿಸ್ಟರ್' ಎಂದು ಕೇಳುವ ಮಗಳ ಎದುರು ಸ್ಥಿರವಾದ ಮುಖ, ಸಿಟ್ಟಾಗಿ ಕೂಗಾಡುವ ಸಂಬಂಧಿಕರ ಎದುರು ತಾಳ್ಮೆಯ ಮುಖ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಗಗನಸಖಿಯರ ಕೆಲಸವನ್ನು ಅಧ್ಯಯನ ಮಾಡಿ, ಭಾವನೆಯನ್ನು ಹೀಗೆ ಹದದಲ್ಲಿ ಹಿಡಿದಿಡುವುದೂ ಒಂದು ದುಡಿಮೆ, ಮೈದುಡಿಮೆಯ ಹಾಗೆ ಅದಕ್ಕೂ ಆಯಾಸವಿದೆ ಎಂದು ತೋರಿಸಿದರು. ನರ್ಸ್‌ಗಳಲ್ಲಿ ಈ ಆಯಾಸಕ್ಕೆ ಇನ್ನೊಂದು ಪದರ ಸೇರುತ್ತದೆ, ಬೇರೆಯವರ ನೋವನ್ನು ದಿನವೂ ಹತ್ತಿರದಿಂದ ಕಂಡು ಬರುವ ದಣಿವು. 1990ರ ದಶಕದಿಂದ ಇದನ್ನು ಕರುಣೆಯ ದಣಿವು ಎಂಬ ಅರ್ಥದ ಹೆಸರಿನಲ್ಲಿ ಕರೆಯುತ್ತಿದ್ದಾರೆ. ಹೆಸರು ಸರಿಯಾಗಿದೆ. ಕರುಣೆ ಇಲ್ಲದವರಿಗೆ ಈ ದಣಿವು ಬರುವುದಿಲ್ಲ.

ಹೀಗೆ ಮುಖ ಹೊತ್ತು ಹೊತ್ತು ಮನೆಗೆ ಬಂದವಳಿಗೆ ಇನ್ನೊಂದು ಮುಖ ಬೇಡವಾಗುತ್ತದೆ. 'ಊಟ ಮಾಡ್ತೀಯಾ?' ಎಂಬ ಒಳ್ಳೆಯ ಮಾತಿಗೂ ಒಂದು ಮುಖ ಬೇಕು. ಕರಿಯನಿಗೆ ಬೇಡ. ಅವನಿಗೆ ನೀವು ವಿವರಣೆ ಕೊಡಬೇಕಿಲ್ಲ, ಅವನು ಹೆದರಿಕೊಳ್ಳುತ್ತಾನೆ ಎಂದು ಅರ್ಧ ಮುಚ್ಚಿಟ್ಟು ಹೇಳಬೇಕಿಲ್ಲ, ಮಾತಿನ ಮಧ್ಯೆ ಅವನು 'ನಮ್ಮ ದೊಡ್ಡಪ್ಪನಿಗೂ ಹೀಗೇ ಆಗಿತ್ತು' ಎಂದು ಶುರುಮಾಡುವುದಿಲ್ಲ. ಮೆಟ್ಟಿಲ ಮೇಲಿನ ಆ ಅರ್ಧ ಗಂಟೆಯಲ್ಲಿ ನಿಮಗೆ ಸಿಗುತ್ತಿರುವುದು ಮುಖ ಇಳಿಸಿಡಲು ಒಂದು ಜಾಗ. ಜೊತೆಗೆ ಕಾಲ ಮೇಲೆ ಬೆಚ್ಚಗಿನ ಒಂದು ಜೀವದ ಭಾರ.

ಆ ಹಗುರವೂ ಬರೀ ಭ್ರಮೆಯಲ್ಲ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 249 ವಿದ್ಯಾರ್ಥಿಗಳ ಮೇಲೆ ಅಧ್ಯಯನ ನಡೆಸಿ 2019ರಲ್ಲಿ ಪ್ರಕಟಿಸಿದರು. ನಾಯಿ, ಬೆಕ್ಕುಗಳ ಜೊತೆ ಹತ್ತೇ ನಿಮಿಷ ಮೈದಡವಿ ಕಳೆದವರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಕಡಿಮೆಯಾಗಿತ್ತು. ಜಪಾನಿನ ಅಜಾಬು ವಿಶ್ವವಿದ್ಯಾಲಯದ ತಂಡ 2015ರಲ್ಲಿ ಕಂಡುಕೊಂಡದ್ದು ಇನ್ನೂ ಸೊಗಸಾದದ್ದು. ನಾಯಿ ಮತ್ತು ಅದರ ಮನೆಯವರು ಒಬ್ಬರನ್ನೊಬ್ಬರು ಹೆಚ್ಚು ಹೊತ್ತು ನೋಡಿಕೊಂಡಾಗ ಇಬ್ಬರ ದೇಹದಲ್ಲೂ ಆಕ್ಸಿಟೋಸಿನ್ ಹೆಚ್ಚಾಗುತ್ತದೆ. ತಾಯಿ ಮಗುವಿನ ನಂಟಿನಲ್ಲಿ ಕೆಲಸ ಮಾಡುವ ಹಾರ್ಮೋನು ಅದು. ಮನುಷ್ಯರೇ ಸಾಕಿದ ತೋಳಗಳಲ್ಲಿ ಹಾಗಾಗಲಿಲ್ಲ. ಕರಿಯನ ಕಣ್ಣು ನೋಡಿದರೆ ಸಾಕು ಅನ್ನಿಸುವುದಕ್ಕೆ ಸಾವಿರಾರು ವರ್ಷಗಳ ಸಹವಾಸದ ಕಾರಣವಿದೆ.

ಆದರೆ ಇಷ್ಟಕ್ಕೇ ನಾಯಿಯನ್ನು ಔಷಧ ಎಂದುಬಿಡಲು ನಾನು ತಯಾರಿಲ್ಲ. 1980ರಲ್ಲಿ ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದ್ದ 92 ಮಂದಿಯನ್ನು ಒಂದು ವರ್ಷ ಗಮನಿಸಿದ ಪ್ರಸಿದ್ಧ ಅಧ್ಯಯನ ಬಂತು. ಸಾಕುಪ್ರಾಣಿ ಇದ್ದ 53 ಜನರಲ್ಲಿ ಮೂವರು, ಇಲ್ಲದ 39 ಜನರಲ್ಲಿ ಹನ್ನೊಂದು ಮಂದಿ ತೀರಿಕೊಂಡಿದ್ದರು. ಪ್ರಪಂಚವೆಲ್ಲ ಅದನ್ನು ಎತ್ತಿ ಆಡಿತು. ಆಮೇಲಿನ ಅಧ್ಯಯನಗಳಲ್ಲಿ ಫಲಿತಾಂಶ ಒಂದೇ ರೀತಿ ಬರಲಿಲ್ಲ. ನಾಯಿ ಸಾಕುವ ಶಕ್ತಿ, ಮನೆ, ನಡಿಗೆ ಇರುವವರೇ ನಾಯಿ ಸಾಕುತ್ತಾರೆ ಎಂಬುದೂ ಲೆಕ್ಕಕ್ಕೆ ಬರಬೇಕಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2013ರಲ್ಲಿ ಎಲ್ಲವನ್ನೂ ತೂಗಿ ನೋಡಿ, ನಾಯಿ ಇರುವುದು ಹೃದಯಕ್ಕೆ ಒಳ್ಳೆಯದಿರಬಹುದು, ಆದರೆ ಅದೊಂದೇ ಕಾರಣಕ್ಕೆ ನಾಯಿ ತರಬೇಡಿ ಎಂದಿತು. ಲ್ಯಾಬ್ರಡಾರ್ ಪ್ರಸ್ತಾಪಕ್ಕೆ ಬಂದಾಗ ಈ ಮಾತು ನೆನಪಿರಲಿ.

ಪಕ್ಕದ ಮನೆಯವರ ಮಾತಿಗೆ ಬರುತ್ತೇನೆ. ಸಾವಿಗೆ ಸೋಂಕಿಲ್ಲ. ಮನೆಯವರಿಗೆ ಬರುವ ಕೇಡನ್ನು ನಾಯಿ ತಾನು ತಗೊಳ್ಳುತ್ತದೆ ಎಂಬುದು ನಮ್ಮ ಕಡೆ ಬಹಳ ಹಳೆಯ ನಂಬಿಕೆ, ನನ್ನ ಅಜ್ಜಿಯೂ ಹೇಳುತ್ತಿದ್ದರು. ಹನ್ನೊಂದು ವರ್ಷದ ನಾಯಿಯ ಹಿಂಗಾಲು ಥಂಡಿ ಹೊತ್ತಿನಲ್ಲಿ ಹಿಡಿದುಕೊಂಡರೆ ಮೊದಲು ಯೋಚಿಸಬೇಕಾದದ್ದು ಸೊಂಟದ, ಮಂಡಿಯ ಕೀಲು ಸವೆದ ಸಂಧಿವಾತವನ್ನು. ಉಣುಗಿನಿಂದ ಬರುವ ಜ್ವರದಲ್ಲೂ ನಾಯಿಗಳು ಕುಂಟುತ್ತವೆ, ಅದನ್ನು ರಕ್ತಪರೀಕ್ಷೆಯಲ್ಲಿ ನೋಡುತ್ತಾರೆ. ಇದರಲ್ಲಿ ನಿಮ್ಮ ಪಾತ್ರವೇನೂ ಇಲ್ಲ.

ಆದರೂ ಆ ನಂಬಿಕೆಯ ಪಕ್ಕದಲ್ಲೇ ಒಂದು ನಿಜವಿದೆ, ಮುಚ್ಚಿಡುವುದಿಲ್ಲ. ನಮ್ಮ ಒತ್ತಡ ನಾಯಿಗೆ ತಿಳಿಯುತ್ತದೆ. 2022ರಲ್ಲಿ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದವರು ತರಬೇತಿ ಕೊಟ್ಟ ನಾಯಿಗಳು, ಒಬ್ಬರದೇ ಬೆವರು ಮತ್ತು ಉಸಿರಿನ ಎರಡು ಮಾದರಿಗಳಲ್ಲಿ ಒತ್ತಡದ ಹೊತ್ತಿನದು ಯಾವುದು ಎಂದು ನೂರಕ್ಕೆ 93ಕ್ಕೂ ಹೆಚ್ಚು ಸಲ ಸರಿಯಾಗಿ ಗುರುತಿಸಿದವು. ನೀವು ಸ್ಕೂಟರಿನಿಂದ ಇಳಿಯುವ ಮೊದಲೇ ಕರಿಯನಿಗೆ ಅವತ್ತಿನ ವಾರ್ಡು ಗೊತ್ತಾಗಿರಬಹುದು. ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯದವರು 2019ರಲ್ಲಿ 58 ನಾಯಿಗಳ ಕೂದಲನ್ನೂ ಅವುಗಳ ಒಡತಿಯರ ಕೂದಲನ್ನೂ ಪರೀಕ್ಷಿಸಿದರು. ತಿಂಗಳುಗಟ್ಟಲೆಯ ಒತ್ತಡ ಕೂದಲಿನ ಕಾರ್ಟಿಸಾಲಿನಲ್ಲಿ ಉಳಿದಿರುತ್ತದೆ. ಒಡತಿಯಲ್ಲಿ ಅದು ಹೆಚ್ಚಿದ್ದ ಕಡೆ ನಾಯಿಯಲ್ಲೂ ಹೆಚ್ಚಿತ್ತು. ಇದರಿಂದ ಕೀಲು ಸವೆಯುವುದಿಲ್ಲ, ಹೆದರಬೇಡಿ. ನಿಮ್ಮ ಭಾರ ಪೂರ್ತಿ ಹೊರಲು ಕರಿಯನೊಬ್ಬನೇ ಆದರೆ ಅವನಿಗೂ ಅದು ಭಾರವೇ ಎಂಬುದಷ್ಟು ನನಗೆ ಇದರಿಂದ ಅರ್ಥವಾಗುವುದು. ಅವನು ಎದ್ದು ಹೋದಾಗ ಹೋಗಲು ಬಿಡಿ. ಬಾಯಿ ನೆಕ್ಕಿಕೊಳ್ಳುವುದು, ಆಕಳಿಸುವುದು, ಮುಖ ತಿರುಗಿಸುವುದು ಮಾಡಿದರೆ ಅವನಿಗೆ ಸಾಕಾಗಿದೆ ಎಂದು.

ಮಂಗನ ಕಾಯಿಲೆಯ ಭಯ ನಮ್ಮ ಜಿಲ್ಲೆಯವರಿಗೆ ಸುಮ್ಮನೆ ಬಂದದ್ದಲ್ಲ. 1957ರಲ್ಲಿ ಅದು ಮೊದಲು ಪತ್ತೆಯಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆಯ ಜನ ಪಟ್ಟ ಪಾಡು ಯಾರೂ ಮರೆತಿಲ್ಲ. ಆದರೆ ಅದು ನಾಯಿ ನೆಕ್ಕಿದರೆ, ಕಾಲ ಮೇಲೆ ಮಲಗಿದರೆ ಬರುವ ಕಾಯಿಲೆಯಲ್ಲ. ವೈರಸ್ ಇರುವ ಉಣುಗು ಕಚ್ಚಿದರೆ, ಇಲ್ಲವೇ ಕಾಯಿಲೆ ಬಿದ್ದ, ಸತ್ತ ಮಂಗನ ಸಂಪರ್ಕವಾದರೆ ಬರುತ್ತದೆ. ಕಾಡಿಗೆ ಹೋಗಿ ಬರುವ ನಾಯಿ ಮೈಯಲ್ಲಿ ಉಣುಗು ಹೊತ್ತು ತರಬಹುದು, ಅಷ್ಟು ನಿಜ. ಕೊಟ್ಟಿಗೆಗೆ ಹಾಸಲು ತರುವ ಒಣ ದರಗಿನಲ್ಲೂ ಬರಬಹುದು. ಡಿಸೆಂಬರಿನಿಂದ ಮೇ ತನಕ ಕರಿಯನ ಕಿವಿಯೊಳಗೆ, ಕುತ್ತಿಗೆಯ ಪಟ್ಟಿಯ ಕೆಳಗೆ, ಬೆರಳ ಸಂದಿಯಲ್ಲಿ ದಿನಾ ನೋಡಿ. ಸಿಕ್ಕಿದ ಉಣುಗನ್ನು ಬೆರಳಲ್ಲಿ ಹಿಸುಕಬೇಡಿ, ಚಿಮಟದಿಂದ ಬುಡಕ್ಕೆ ಹಿಡಿದು ತೆಗೆಯಿರಿ. ಉಣುಗಿಗೆ ಹಾಕುವ ಔಷಧ ಪಶುವೈದ್ಯರು ಕೊಡುತ್ತಾರೆ. ರೇಬಿಸ್ ಲಸಿಕೆ ವರ್ಷಕ್ಕೊಮ್ಮೆ ತಪ್ಪದಿರಲಿ.

ನೀವು ಕೇಳದ ಒಂದು ವಿಷಯ ಇದಕ್ಕಿಂತ ಮುಖ್ಯ. ಆಸ್ಪತ್ರೆಯ ಕೆಲವು ಹಟಮಾರಿ ಬ್ಯಾಕ್ಟೀರಿಯಾಗಳು, ಎಂಆರ್‌ಎಸ್‌ಎ ಅಂಥವು, ನಮ್ಮ ಕೈ ಬಟ್ಟೆಗಳಿಂದ ಸಾಕುಪ್ರಾಣಿಗೂ ಅಲ್ಲಿಂದ ವಾಪಸು ನಮಗೂ ದಾಟಬಲ್ಲವು. ನಿಮ್ಮ ರೋಗಿಗಳಿಗೆ ಸೋಂಕು ತಡೆಯುವ ಶಕ್ತಿ ಕಡಿಮೆ. ಆದ್ದರಿಂದ ಬಂದವರು ಮೊದಲು ಯೂನಿಫಾರ್ಮ್ ಬದಲಿಸಿ, ಕೈಕಾಲು ತೊಳೆಯಿರಿ, ಆಗುವುದಾದರೆ ಸ್ನಾನವನ್ನೇ ಮಾಡಿ. ಕೂರುವುದು ಬಚ್ಚಲ ಮೆಟ್ಟಿಲ ಮೇಲೇ, ಹಂಡೆಯ ಬಿಸಿನೀರು ಎರಡು ಹೆಜ್ಜೆಯಲ್ಲಿದೆ. ಸ್ನಾನ ಮಾಡಿ ಬಂದು ಒಲೆಯ ಕಾವಿನ ಪಕ್ಕ ಕರಿಯನ ಜೊತೆ ಕೂರುವುದಕ್ಕೂ, ವಾರ್ಡಿನ ವಾಸನೆಯಲ್ಲೇ ಕೂರುವುದಕ್ಕೂ ಮನಸ್ಸಿಗೂ ವ್ಯತ್ಯಾಸವಿದೆ. ಕೆಲಸ ಅಲ್ಲಿಗೆ ಮುಗಿಯಿತು ಎಂದು ಮೈಗೆ ತಿಳಿಯುತ್ತದೆ. ಕರಿಯ ಮುಖ, ಗಾಯ ನೆಕ್ಕದಂತೆ ನೋಡಿಕೊಳ್ಳಿ, ಡ್ಯೂಟಿಗೆ ಹೊರಡುವಾಗ ಸೋಪಿನಲ್ಲಿ ಕೈ ತೊಳೆದು ಹೊರಡಿ.

ಇದು ಕಾಯಿಲೆಯೇ? ಕೆಲಸದ ತೀರದ ಒತ್ತಡದಿಂದ ಬರುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಎಂದು ತನ್ನ ಪಟ್ಟಿಯಲ್ಲಿ ಗುರುತಿಸಿತು, ಆದರೆ ರೋಗ ಎನ್ನಲಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ಶಕ್ತಿಯೆಲ್ಲ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು ಅದರ ಗುರುತು. ನಿಮ್ಮ ಕಾಗದದಲ್ಲಿ ಮೊದಲನೆಯದು ಕಾಣುತ್ತಿದೆ. ಎರಡನೆಯದು ಕಾಣುತ್ತಿಲ್ಲ, ರೋಗಿ ಎನ್ನದೆ ನೀವು 'ನನ್ನ ಮಗನ ವಯಸ್ಸಿನ ಹುಡುಗ' ಎಂದು ಬರೆದಿದ್ದೀರಿ.

ಕರಿಯನ ಜೊತೆ ಎಷ್ಟು ಹೊತ್ತು ಕೂರುತ್ತೀರಿ ಎಂಬುದರಿಂದ ನಾನು ಏನನ್ನೂ ನಿರ್ಧರಿಸುವುದಿಲ್ಲ. ಅಲ್ಲಿಂದ ಎದ್ದ ಮೇಲೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಎದ್ದು ಒಳಗೆ ಹೋಗಿ ಊಟ ಮಾಡಿ, ಮಗನ ಮುಖ ನೋಡಿ ಎರಡು ಮಾತಾಡಿ ಮಲಗುತ್ತೀರಾದರೆ ಆ ಮೆಟ್ಟಿಲು ಆಸ್ಪತ್ರೆಗೂ ಮನೆಗೂ ನಡುವಿನ ಕಾಲುಸಂಕದ ಹಾಗೆ, ಅದನ್ನು ಮುರಿಯಬೇಡಿ. ಎದ್ದ ಮೇಲೂ ಯಾರ ಹತ್ತಿರವೂ ಬೇಡ, ರಜೆಯ ದಿನವೂ ಬೇಡ, ಅನ್ನ ಸೇರುತ್ತಿಲ್ಲ, ನಿದ್ದೆ ಮೂರು ಗಂಟೆಗೆ ಬಿಟ್ಟುಹೋಗುತ್ತದೆ, ಇದು ಎರಡು ವಾರ ಮೀರಿ ಹೀಗೇ ನಡೆದಿದೆ, ಮೊದಲು ಇಷ್ಟವಾಗುತ್ತಿದ್ದದ್ದು ಯಾವುದೂ ರುಚಿಸುತ್ತಿಲ್ಲ ಎಂದಾದರೆ ಅದು ದಣಿವನ್ನು ದಾಟಿ ಖಿನ್ನತೆಯ ಕಡೆ ಹೋಗಿದೆ. ಅದಕ್ಕೆ ಚಿಕಿತ್ಸೆ ಇದೆ, ಬೇಕು. ಇದ್ದು ಏನು ಪ್ರಯೋಜನ ಎಂಬ ಯೋಚನೆ ಒಂದು ಸಲ ಬಂದರೂ ಕಾಯಬೇಡಿ. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ಕೆಲವು ವರ್ಷದ ಹಿಂದೆ ಹೊಸನಗರದ ಕಡೆಯಿಂದ ಒಬ್ಬರು ಬರುತ್ತಿದ್ದರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಲಕ್ವ ಹೊಡೆದ ಗಂಡನನ್ನು ಆರು ವರ್ಷ ನೋಡಿಕೊಂಡವರು. ರಾತ್ರಿ ಕೊಟ್ಟಿಗೆಯ ಜಗಲಿಯಲ್ಲಿ ನಾಯಿಯ ಪಕ್ಕ ಕಂಬಳಿ ಹಾಸಿ ಮಲಗುತ್ತಿದ್ದರು. ಮನೆಯವರು 'ನಾಯಿ ಹುಚ್ಚು' ಎಂದು ಕರೆತಂದಿದ್ದರು. ನೋಡಿದರೆ ತೀವ್ರ ಖಿನ್ನತೆ, ಎಂಟು ಕೆಜಿ ಇಳಿದಿದ್ದರು. ಆ ನಾಯಿಗೆ ಹೊತ್ತು ಹೊತ್ತಿಗೆ ಅನ್ನ ಹಾಕಬೇಕಲ್ಲ ಎಂಬ ಕಾರಣಕ್ಕೆ ಅವರು ಅಷ್ಟು ದಿನ ಬೆಳಿಗ್ಗೆ ಎದ್ದಿದ್ದರು. ಮನೆಯವರು ಮೊದಲು ಮಾಡಹೊರಟದ್ದು ನಾಯಿಯನ್ನು ಬೇರೆಯವರಿಗೆ ಕೊಟ್ಟುಬಿಡುವುದು. ನಾನು ಕೈಮುಗಿದು ತಡೆದೆ. ಚಿಕಿತ್ಸೆಗೆ ಮೂರು ತಿಂಗಳಾದ ಮೇಲೆ ಅವರೇ ಹಾಸಿಗೆ ಒಳಗೆ ತಂದರು. ನಾಯಿ ಬಾಗಿಲ ಬಳಿ ಮಲಗಿತು.

ಇನ್ನು ದಾರಿಗಳು. ಲ್ಯಾಬ್ರಡಾರ್ ಮರಿ ಈಗ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಯಜಮಾನರ ಮನಸ್ಸು ಒಳ್ಳೆಯದು, ಕರಿಯ ಹೋದರೆ ನೀವು ಒಂಟಿಯಾಗಬಾರದು ಎಂದು ಅವರು ಮುಂಚೆಯೇ ಯೋಚಿಸಿದ್ದಾರೆ, ಅದಕ್ಕೆ ಅವರಿಗೆ ಥ್ಯಾಂಕ್ಸ್ ಹೇಳಿ. ಆದರೆ ಎರಡು ತಿಂಗಳ ಮರಿ ಎಂದರೆ ರಾತ್ರಿ ಏಳುವುದು, ಒರೆಸುವುದು, ಲಸಿಕೆ, ಕಚ್ಚಿ ಹರಿದ ಚಪ್ಪಲಿ. ಅದು ಮತ್ತೊಂದು ಆರೈಕೆಯ ಕೆಲಸ, ಬೀಳುವುದು ನಿಮ್ಮ ತಲೆಗೇ. ನಮ್ಮ ಮಳೆಗಾಲದ ಥಂಡಿಯಲ್ಲಿ ದಟ್ಟ ಕೂದಲಿನ, ಜೋಲುಕಿವಿಯ ಈ ಜಾತಿಗೆ ಚರ್ಮದ, ಕಿವಿಯ ಸೋಂಕು ಬಿಡುವುದಿಲ್ಲ. ನೋಯುವ ಮೈಯ ಕರಿಯನ ಮೇಲೆ ಮರಿ ಹತ್ತಿ ಕುಣಿದರೆ ಅವನ ಮುಪ್ಪು ಹಾಳು. ಮುಂದೆಂದಾದರೂ ಮನೆಯವರೆಲ್ಲ ಬೇಕೆಂದರೆ, ಊರಲ್ಲೇ ಹುಟ್ಟಿದ ಮರಿಯೊಂದನ್ನು ನೋಡಿ. ರಾತ್ರಿ ಅದು ಮಲಗಲು ಒಳಗೆ ಜಾಗ ಮಾಡಿಯೇ ತನ್ನಿ. ಅಂಗಳದಿಂದ ಚಿರತೆ ನಾಯಿ ಹೊತ್ತೊಯ್ಯುವ ಕಥೆ ನಿಮ್ಮ ಕಡೆಗೇನು ಹೊಸದಲ್ಲ. ಕರಿಯನನ್ನೂ ಕತ್ತಲಾದ ಮೇಲೆ ಹೊರಗೆ ಬಿಡಬೇಡಿ, ಓಡಲಾಗದ ನಾಯಿ ಅವನೀಗ.

ಎರಡನೆಯ ದಾರಿ ವಾರ್ಡಿನೊಳಗಿನದು. ಹಲವು ವರ್ಷ ಇದನ್ನು ಹೇಳುತ್ತಾ ಬಂದಿದ್ದೇನೆ, ಇನ್ನೂ ಹೇಳುತ್ತೇನೆ: ಸಾವು ಆದ ದಿನ ಶಿಫ್ಟ್ ಮುಗಿಯುವ ಮೊದಲು ಆ ರೋಗಿಯನ್ನು ನೋಡಿಕೊಂಡವರು ಹತ್ತು ನಿಮಿಷ ಒಂದು ಕಡೆ ಕೂರಬೇಕು. ಡಾಕ್ಟರು, ನರ್ಸು, ಆಯಾ, ಎಲ್ಲರೂ. ಅವರ ಹೆಸರು ಹೇಳಿ, ನೆನಪಾದದ್ದು ಒಂದೊಂದು ಮಾತು ಹೇಳಿ ಎದ್ದರೆ ಸಾಕು. ಬೇರೆ ಆಸ್ಪತ್ರೆಯೊಂದರಲ್ಲಿ ಇದಕ್ಕೆ ನಾನು ಕೇಳಿದಾಗ 'ಅಷ್ಟು ಸ್ಟಾಫ್ ಎಲ್ಲಿದೆ ಮೇಡಂ' ಎಂಬ ಉತ್ತರ ಬಂತು. ಸ್ಟಾಫ್ ಕಡಿಮೆ ಇರುವುದು ನಿಜ, ಅದನ್ನು ಸರಿಮಾಡಬೇಕಾದವರು ನರ್ಸ್‌ಗಳಲ್ಲ. ಆಡಳಿತದವರು ಒಪ್ಪದಿದ್ದರೆ ನಿಮ್ಮ ಜೊತೆ ಅದೇ ಶಿಫ್ಟಿನಲ್ಲಿದ್ದ ಒಬ್ಬರ ಜೊತೆ ಕ್ಯಾಂಟೀನಿನಲ್ಲಿ ಒಂದು ಟೀ ಕುಡಿಯುವಷ್ಟು ಹೊತ್ತು. ಇದರಲ್ಲೂ ಅಪಾಯವಿದೆ: ಮೇಲಿನವರನ್ನು ಬೈಯುವುದರಲ್ಲೇ ಮುಗಿದುಹೋಗಬಹುದು. ಅವತ್ತಿನ ಮಟ್ಟಿಗೆ ಆ ಹುಡುಗನ ಬಗ್ಗೆ ಮಾತ್ರ ಎಂದು ಇಬ್ಬರೂ ಒಪ್ಪಿಕೊಳ್ಳಿ. ಕರಿಯ ನಿಮ್ಮ ದುಃಖ ಕೇಳಬಲ್ಲ, ಆದರೆ ಆ ಹುಡುಗನನ್ನು ಅವನು ನೋಡಿಲ್ಲ. ನೋಡಿದವರ ಜೊತೆ ಹಂಚಿಕೊಳ್ಳುವುದು ಬೇರೆಯೇ.

ವಾರ್ಡ್ ಬದಲಾವಣೆ ಕೇಳುವುದೂ ಒಂದು ದಾರಿ. ಮೂರು ವರ್ಷ ದೀರ್ಘ ಕಾಲ. ಆರು ತಿಂಗಳು ಹೆರಿಗೆ ವಾರ್ಡಿಗೋ ಒಪಿಡಿಗೋ ಹೋಗಿ ಮತ್ತೆ ಬಂದವರನ್ನು ನೋಡಿದ್ದೇನೆ. ಓಡಿಹೋದೆ ಎಂಬ ಅಪರಾಧಭಾವ ಕಾಡುತ್ತದೆ, ಬದಲಾದ ತಿಂಗಳಲ್ಲಿ ಅಲ್ಲಿಯ ಸಣ್ಣ ದೂರುಗಳು ತಾತ್ಸಾರ ತರುತ್ತವೆ. ಇದನ್ನು ಮೊದಲೇ ತಿಳಿದು ಹೋದರೆ ಒಳ್ಳೆಯದು.

ಈಗ ಬೆಲ್ಲದ ಮಾತ್ರೆಗೆ ಬರುತ್ತೇನೆ. ಇಷ್ಟು ವರ್ಷ ಕರಿಯನ ಬಳಿ ನೀವು ನರ್ಸ್ ಆಗಿರಲಿಲ್ಲ. ಅವನಿಗೆ ನೋವು ಎಷ್ಟು, ಮಾತ್ರೆ ಎಷ್ಟು ಹೊತ್ತಿಗೆ, ಇವತ್ತು ಎದ್ದನೇ, ಊಟ ಹೋಯಿತೇ ಎಂದು ನೀವೀಗ ಲೆಕ್ಕ ಇಡಲು ಶುರುಮಾಡಿದ್ದೀರಿ. ವಾರ್ಡು ಹಿತ್ತಿಲಿನ ತನಕ ಬಂದುಬಿಟ್ಟಿದೆ. ಮುಖ ಇಳಿಸಿಡುವ ಜಾಗದಲ್ಲೇ ಒಬ್ಬ ಪೇಷಂಟ್ ಮಲಗಿದ್ದಾನೆ. ಅವನು ಕುಂಟಿದ್ದು ಕಂಡಾಗ ನಿಮಗೆ ತಡೆಯಲಾಗದೆ ಹೋದದ್ದು ಇದಕ್ಕೆ ಎಂದು ನನ್ನ ಅನಿಸಿಕೆ.

ಆ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡಿ. ವಿನೋಬನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದು ತೋರಿಸಿ, ಐಬುಪ್ರೊಫೆನ್ ಕೊಟ್ಟದ್ದನ್ನು ಎಷ್ಟು, ಯಾವತ್ತು ಎಂದು ಸಂಕೋಚವಿಲ್ಲದೆ ಹೇಳಿ. ಅವರು ಆರಿಸುವ ಔಷಧ ಅದರ ಮೇಲೆ ನಿಲ್ಲುತ್ತದೆ. ನಾಯಿಗೆಂದೇ ಇರುವ ನೋವಿನ ಔಷಧಗಳಿವೆ, ತೂಕ ನೋಡಿ ಕೊಡುತ್ತಾರೆ. ಮನೆಯ ರೆಡ್ ಆಕ್ಸೈಡ್ ನೆಲ ಮುದಿನಾಯಿಯ ಕಾಲಿಗೆ ಶತ್ರು. ಅವನು ಓಡಾಡುವ ದಾರಿಗೆ ಗೋಣಿಚೀಲ ಹಾಸಿ. ಒಲೆಯ ಪಕ್ಕ ಒಣ ಜಾಗದಲ್ಲಿ ದಪ್ಪ ಹಾಸಿಗೆ ಮಾಡಿಕೊಡಿ. ತೂಕ ಹೆಚ್ಚಿದ್ದರೆ ಅನ್ನ ಕಡಿಮೆ ಮಾಡಿ. ಈ ಕೆಲಸಗಳಿಗೆಲ್ಲ ಮನೆಯಲ್ಲಿ ಜನರಿದ್ದಾರೆ.

ಕೊನೆಗಾಲದ ಮಾತನ್ನೂ ಪಶುವೈದ್ಯರ ಹತ್ತಿರ ಈಗಲೇ ಆಡಿ, ನೋವು ತಡೆಯಲಾಗದ ಹಂತ ಬಂದರೆ ಏನು ಮಾಡುವುದು ಎಂದು. ಮನುಷ್ಯರಿಗೆ ನೀವು ಕೊಡಲಾಗದ ಒಂದು ಬಿಡುಗಡೆಯನ್ನು ಪ್ರಾಣಿಗಳಿಗೆ ವೈದ್ಯರು ಕೊಡಬಲ್ಲರು. ನಿಮ್ಮ ವೃತ್ತಿಯವರಿಗೆ ಆ ನಿರ್ಧಾರ ಬೇರೆಯವರಿಗಿಂತ ಕಷ್ಟ. ಬೇಗ ಮಾಡಿದೆನೋ, ತಡಮಾಡಿದೆನೋ ಎಂದು ಎರಡೂ ಕಡೆಯಿಂದ ಕೊರೆಯುತ್ತದೆ. ಅದಕ್ಕೇ ಒಬ್ಬರೇ ತೀರ್ಮಾನಿಸಬೇಡಿ. ಅವನು ಹೋದರೆ ನೀವು ಅಳುತ್ತೀರಿ, ಬಹಳ ದಿನ. 'ನಾಯಿಗೆ ಇಷ್ಟೊಂದಾ' ಎನ್ನುವವರು ಇದ್ದೇ ಇರುತ್ತಾರೆ. ಸುಮಾರು ಕ್ರಿ.ಶ. 950ರ ಹೊತ್ತಿಗೆ ಮಂಡ್ಯ ಕಡೆಯ ಆತಕೂರಿನಲ್ಲಿ ಮಣಲೇರ ಎಂಬ ವೀರ, ಹಂದಿಯೊಡನೆ ಹೋರಾಡಿ ಸತ್ತ ತನ್ನ ನಾಯಿ ಕಾಳಿಗೆ ದೇವಸ್ಥಾನದ ಎದುರು ಕಲ್ಲು ನಿಲ್ಲಿಸಿದ. ಆ ಕಲ್ಲಿಗೆ ಪೂಜೆಯಾಗದೆ ಅಲ್ಲಿಯ ಗೊರವ (ಶಿವಾಲಯದ ಪೂಜಾರಿ) ಉಣ್ಣಬಾರದು ಎಂದೂ ಬರೆಸಿದ. ಯುದ್ಧದಲ್ಲಿ ಎಷ್ಟೋ ಸಾವು ಕಂಡವನೇ ಅವನು. ಆ ಕಲ್ಲು ಈಗ ಬೆಂಗಳೂರಿನ ಸಂಗ್ರಹಾಲಯದಲ್ಲಿದೆ, ಕಾಳಿ ಹಂದಿಯ ಮೇಲೆ ಎರಗಿದ ಚಿತ್ರದೊಂದಿಗೆ. ಹಿತ್ತಿಲಲ್ಲಿ ಯಾವ ಮರದ ಬುಡ ಎಂದು ಮನೆಯವರೆಲ್ಲ ಸೇರಿ ಗೊತ್ತುಮಾಡಿಟ್ಟುಕೊಳ್ಳುವುದರಲ್ಲಿ ಅಪಶಕುನವೇನೂ ಇಲ್ಲ.

ಅತ್ತೆಯವರ ಬಗ್ಗೆ ಒಂದು ಮಾತು. ನೀವು ತಡವಾದ ದಿನ ಅವನಿಗೆ ಅನ್ನ ಕಲಸುವವರು ಅವರು. ಆ ನಾಯಿ ನಿಮ್ಮೊಬ್ಬರದೇ ಅಲ್ಲ. ಸೊಸೆ ಸ್ಕೂಟರಿನಿಂದಿಳಿದು ತಮ್ಮನ್ನು ದಾಟಿ ಹಿತ್ತಿಲಿಗೆ ಹೋಗುವುದನ್ನು ಅವರು ದಿನಾ ನೋಡುತ್ತಾರೆ, ಅವರ ಸಿಟ್ಟು ಕರಿಯನ ಮೇಲಲ್ಲ ಅನ್ನಿಸುತ್ತದೆ ನನಗೆ. ಆಸ್ಪತ್ರೆಯ ವಿವರ ಅವರಿಗೆ ಹೇಳಬೇಕಿಲ್ಲ. 'ಅತ್ತೆ, ಇವತ್ತು ವಾರ್ಡಲ್ಲಿ ಒಬ್ಬರು ಹೋದ್ರು, ಸ್ವಲ್ಪ ಹೊತ್ತು ಕೂತು ಬರ್ತೀನಿ' ಎಂದಷ್ಟು ಹೇಳಿ ಹಿತ್ತಿಲಿಗೆ ಹೋಗಿ ನೋಡಿ. ಅವರೂ ಬಂದು ಆಚೆ ತುದಿಯಲ್ಲಿ ಕೂತರೆ ಬೇಡ ಎನ್ನಬೇಡಿ.

ಕರಿಯನನ್ನು ತೋರಿಸಲು ಹೋಗುವ ದಿನ ಯಜಮಾನರ ಜೊತೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಹಿಂಗಾಲು ನೋಯುವ ನಾಯಿಯನ್ನು ಎತ್ತಿ ಆಟೋಗೆ ಹತ್ತಿಸಲು ಇಬ್ಬರು ಬೇಕು, ಪರೀಕ್ಷೆ ಮಾಡುವಾಗ ಅವನ ತಲೆ ಹಿಡಿದು ಮಾತಾಡಿಸಲು ಒಬ್ಬರು ಬೇಕು. ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ತರಬೇಕೇ ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಬೇಡ ಎಂದರೆ ಬೆಳಗಿನ ಅನ್ನ ಅತ್ತೆಯವರೇ ಕಲಸಲಿ.